ಸುಲಿಯದ ಪದ

ಮಗಳು ಇವತ್ತೂ ಅದನ್ನು ತೊಡದೆ ಶಾಲೆಗೆ ಹೋಗಿದ್ದಳು. ಬಿಳಿ ಪ್ಲಾಸ್ಟಿಕ್ಕಿನ ಗಟ್ಟಿ ಕವಚ, ಬೆನ್ನ ಕಡೆ ಬಿಗಿಯಲು ಪಟ್ಟಿ, ಬಕಲ್ಲು. ಊಟದ ಮೇಜಿನ ಪಕ್ಕ ಅವಳದೇ ಕುರ್ಚಿಯಲ್ಲಿ, ತಲೆಯಿಲ್ಲದ ನೆಂಟನ ಹಾಗೆ ನೆಟ್ಟಗೆ ಕೂತಿತ್ತು.

ತಾಯಿ ಕಾಲು ಸುಟ್ಟ ಬೆಕ್ಕಿನಂತೆ ಒಲೆಗೂ ಮೇಜಿಗೂ ಓಡಾಡುತ್ತಿದ್ದಳು. ಮೇಜಿನ ಮೇಲೆ ವೈದ್ಯಕೀಯ ಪದಕೋಶದ ಕರಡಚ್ಚು ಹರಡಿತ್ತು. ಪ್ರತಿ ಪದಕ್ಕೂ ಅರ್ಥ, ಅದು ಹುಟ್ಟಿದ ಬಗೆ ಸರಿಯಾಗಿದೆಯೇ ಎಂದು ನೋಡಿ ತಿದ್ದುವುದು ಅವಳ ಕೆಲಸ. ಒಂದು ಪದ ನೋಡುವಳು, ಏಳುವಳು, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವಳು. ಕೂತರೆ ಡಾಕ್ಟರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು: "ಬೆಳೆಯೋ ವಯಸ್ಸು. ಬೆನ್ನುಮೂಳೆ ಇನ್ನಷ್ಟು ಬಾಗಬಾರದು ಅಂದ್ರೆ ಹಗಲೂ ರಾತ್ರಿ ತೊಡ್ಬೇಕು. ಮುಂದಿನ ವಾರ ಮತ್ತೆ ಎಕ್ಸ್-ರೇ ತೆಗೀತೀವಿ. ಹೆಚ್ಚಾಗಿದ್ರೆ ಆಪರೇಷನ್ ಯೋಚನೆ ಮಾಡ್ಬೇಕಾಗುತ್ತೆ."

"ಹಾಲು ಉಕ್ತಿದೆ ಕಣೇ," ಎಂದರು ಅತ್ತೆ, ಕಿಟಕಿಯ ಬಳಿಯಿಂದ.

ಉಕ್ಕಿ ಆಗಿತ್ತು.

ಈ ಮನೆಯಲ್ಲಿ ಒಂದು ರೂಢಿ. ಹೆದರಿಸುವ ಪದ ಬಾಗಿಲಿಗೆ ಬಂದರೆ ಅದನ್ನು ಈರುಳ್ಳಿಯಂತೆ ಸುಲಿದು ನೋಡುವುದು. ಮಗಳು ಪುಟ್ಟವಳಾಗಿದ್ದಾಗ ಲಸಿಕೆಗೆ ಅಳುತ್ತಿದ್ದಳು. "ವ್ಯಾಕ್ಸಿನ್ ಅನ್ನೋ ಪದದೊಳಗೆ ಒಂದು ಹಸು ಇದೆ ಕಣೇ" ಎಂದಳು ತಾಯಿ. ಸೂಜಿ ಚುಚ್ಚುವಾಗ ಹುಡುಗಿ "ಅಂಬಾ" ಎಂದು ಕೂಗಿ ನರ್ಸನ್ನೇ ಬೆಚ್ಚಿಬೀಳಿಸಿದ್ದಳು. ಕಿವಿನೋವು ಬಂದಾಗ ಒಳಗಿವಿಯ ಕಾಕ್ಲಿಯಾದಿಂದ ಬಸವನಹುಳು ಹೊರಬಂತು. ಮಸಲ್ ಎಂದರೆ ಪುಟ್ಟ ಇಲಿ. ತೋಳು ಮಡಚಿದರೆ ಚರ್ಮದಡಿ ಓಡುತ್ತದಲ್ಲ, ಅದೇ. ಸುಲಿದ ಪದ ಕಚ್ಚುವುದಿಲ್ಲ ಎಂಬುದು ತಾಯಿಯ ನಂಬಿಕೆ.

ಆ ನಂಬಿಕೆಯೇ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೈಕೊಟ್ಟಿತು. ಆರ್ಥೋಪೆಡಿಕ್ಸ್ ಎಂಬ ಫಲಕದ ಕೆಳಗೆ ಮಗಳು ಉಗುರು ಕಚ್ಚುತ್ತ ಕೂತಿದ್ದಳು. ಸಮಾಧಾನ ಮಾಡಲು ಹೊರಟ ತಾಯಿ, "ಆರ್ಥೋ ಅಂದ್ರೆ ನೆಟ್ಟಗೆ. ಪೆಡಿ ಬಂದಿದ್ದು ಮಗು ಅನ್ನೋ ಪದದಿಂದ. ಮಕ್ಕಳನ್ನ ನೆಟ್ಟಗೆ ಮಾಡೋ ವಿದ್ಯೆ, ಅಷ್ಟೇ. ನಿನ್ನ ಸ್ಕೋಲಿಯೋಸಿಸ್ ಇದೆಯಲ್ಲ, ಅದೂ ಏನಿಲ್ಲ, ಬರೀ ಬಾಗಿದ್ದು, ಸೊಟ್ಟ ಅಂತ," ಎಂದಳು.

ಮಗಳು ಉಗುರು ಕಚ್ಚುವುದನ್ನು ನಿಲ್ಲಿಸಿದಳು. "ಅಂದ್ರೆ ನಾನು ಸೊಟ್ಟ ಮಗು."

"ಅಯ್ಯೋ, ಹಾಗಲ್ಲ ಕಣೇ..."

"ಹಾಗೇ. ಇನ್ಮೇಲೆ ನನ್ನ ಮುಂದೆ ಪದ ಸುಲೀಬೇಡ. ಒಂದೂ ಬೇಡ."

ಸಾಲದ್ದಕ್ಕೆ ಅಂದು ಮನೆಗೆ ಬಂದಾಗ, ಪಾಪ, ಒಳ್ಳೆಯ ಮಾತು ಹೇಳಲೆಂದು ಅತ್ತೆ ಬಾಯಿ ತೆರೆದಿದ್ದರು: "ತೊಟ್ಕೊಳ್ಳೇ ಕಡ್ಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಸಣಕಲು ಹುಡುಗಿಗೆ ಕಡ್ಡಿ ಎಂದು ಹೆಸರಿಟ್ಟವರೂ ಅವರೇ. ಹುಡುಗಿ ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಳು. "ನಾನೇನಂದೆ ಈಗ?" ಎಂದು ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ, "ಅಲ್ಲಾ, ಇದು ಯಾಕಾದ್ರೂ ಬಂತಂತೆ?" ಎಂದರು.

ಚೀಟಿಯಲ್ಲಿ ಇಡಿಯೋಪಥಿಕ್ ಎಂದಿತ್ತು. ಸುಲಿದರೆ 'ತನ್ನದೇ ನೋವು'. ಕಾರಣ ತಿಳಿಯದಾಗ ಡಾಕ್ಟರು ಬಳಸುವ ಪದ. "ಯಾರ ತಪ್ಪೂ ಅಲ್ಲ ಅಂತ ಅತ್ತೆ," ಎಂದಳು ಅವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೇಳುತ್ತಲೇ ಹಳೆಯದನ್ನೆಲ್ಲ ತಡಕಿದಳು: ಹೊರಿಸಿದ ಭಾರದ ಚೀಲ, ಕೊಡಿಸದ ಒಳ್ಳೆಯ ಕುರ್ಚಿ, ಸ್ನಾನ ಮಾಡಿಸುವಾಗ ಕಾಣದೇ ಹೋದ ಬೆನ್ನು.

ಈಗ ಕರಡಚ್ಚಿನಲ್ಲಿ ಬಕಾರ ಬಂದಿತ್ತು. ಹಾಳೆಯ ನಡುವೆ ಕೂತಿತ್ತು: ಬ್ರೇಸ್, ಮಗಳ ಕವಚದ ಹೆಸರೇ. ಕೆಳಗೆ ಅದರ ಮೂಲ. ಓದಿದವಳು ಎದ್ದೇ ನಿಂತಳು. ಎಷ್ಟು ಸೊಗಸಾದ ಮೂಲ! ಈಗಲೇ ಶಾಲೆಗೆ ಓಡಿ ಹೇಳಿಬಿಡಲೇ? ಚಪ್ಪಲಿಗೆ ಕಾಲು ತೂರಿಸಿಯೂ ಆಯಿತು. ಇನ್ನೊಂದು ಕಾಲು ತೂರಿಸುವಾಗ ಮಗಳ ಮಾತು ನೆನಪಾಯಿತು. ಒಂದೂ ಬೇಡ. ನಾಲಿಗೆ ಕಚ್ಚಿಕೊಂಡು ಒಳಗೆ ಬಂದಳು.

ಹೇಳುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಕುರ್ಚಿಯ ಮೇಲಿದ್ದ ನೆಂಟ ಅವಳನ್ನೇ ನೋಡುತ್ತಿದ್ದ. ಕವಚವನ್ನು ಎತ್ತಿಕೊಂಡಳು, ತಿರುಗಿಸಿದಳು, ಅಗಲಿಸಿದಳು, ರವಿಕೆಯ ಮೇಲೆ ತೊಟ್ಟೇಬಿಟ್ಟಳು.

"ಅತ್ತೆ, ಹಿಂದಿನ ಪಟ್ಟಿ ಸ್ವಲ್ಪ ಎಳೀರಿ."

"ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿದೆ. ಎಳೀರಿ."

ಅತ್ತೆಯ ಕೈಗೆ ಬಟ್ಟೆ ಹಿಂಡಿ ಪಳಗಿದ ಬಲ. ಒಂದೇ ಎಳೆತ. ಬಕಲ್ಲು ಟಕ್ಕೆಂದು ಕಚ್ಚಿಕೊಂಡಿತು, ಸೊಸೆಯ ಉಸಿರೂ ಅಲ್ಲೇ ಕಚ್ಚಿಕೊಂಡಿತು.

"ಸಾಕು, ಬಿಚ್ಚಿ ಅತ್ತೆ."

"ಬಿಚ್ಚೋದು ಹೇಗೆ?"

ಅದು ಇಬ್ಬರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯವರು ತೋರಿಸಿಕೊಟ್ಟದ್ದು ಹುಡುಗಿಗೆ. ತಾಯಿ ಆಗ ಚೀಟಿ ಓದುವುದರಲ್ಲಿ ಮುಳುಗಿದ್ದಳು. ಅತ್ತೆ ಚಮಚ ತಂದು ಮೀಟಿದರು, ಎಣ್ಣೆ ಹಚ್ಚಿದರು. ಎಣ್ಣೆಯಿಂದ ಕೈ ಜಾರಿತೇ ಹೊರತು ಬಕಲ್ಲು ಜಗ್ಗಲಿಲ್ಲ. ಬಗ್ಗುವಂತಿಲ್ಲ, ಕೂರುವಂತಿಲ್ಲ. ತಾಯಿ ಗೋಡೆಗೆ ಒರಗಿ ನಿಂತೇ ಈರುಳ್ಳಿ ಹೆಚ್ಚಿದಳು. ಬೆವರು ಬಂತು. ಬಗಲ ಕೆಳಗೆ ಪ್ಲಾಸ್ಟಿಕ್ಕಿನ ಅಂಚು ಕತ್ತಿಯಂತೆ ಒತ್ತುತ್ತಿತ್ತು.

ಸಂಜೆ ಶಾಲೆಯಿಂದ ಬಂದ ಮಗಳು ಹೊಸ್ತಿಲಲ್ಲೇ ನಿಂತಳು. ಅಜ್ಜಿಯ ಕೈಯಲ್ಲಿ ಚಮಚ, ಅಮ್ಮನ ಕಣ್ಣಲ್ಲಿ ಈರುಳ್ಳಿಯ ನೀರು, ಮೈಮೇಲೆ ತನ್ನ ಕವಚ.

"ಇದೇನಿದು?"

"ನಿಮ್ಮಮ್ಮ ಯುದ್ಧಕ್ಕೆ ಹೊರಟಿದ್ದಾಳೆ," ಎಂದರು ಅಜ್ಜಿ.

ಹುಡುಗಿ ಚೀಲ ಕೆಳಗೆ ಬಿಟ್ಟು ನಕ್ಕಳು. ಎಷ್ಟೋ ದಿನಗಳಿಂದ ಈ ಮನೆ ಕೇಳದಿದ್ದ ನಗು. "ಅಮ್ಮಾ, ಉಸಿರು ಒಳಗೆಳ್ಕೋ. ಇನ್ನೂ. ಹಾಂ," ಎಂದು ಬಕಲ್ಲಿನ ಪಕ್ಕದ ನಾಲಿಗೆಯನ್ನು ಬೆರಳಿಂದ ಒತ್ತಿದಳು. ಕಳಚಿತು.

"ಎಲ್ಲಿ ಒತ್ತಿತು?" ಎಂದು ಕೇಳಿದಳು, ಇನ್ನೂ ನಗುತ್ತ.

"ಎಲ್ಲೆಲ್ಲೂ. ಆದ್ರೆ ಇಲ್ಲಿ, ಬಗಲ ಕೆಳಗೆ, ಪ್ರಾಣವೇ ಹೋಯ್ತು."

ನಗು ನಿಂತಿತು. ಮಗಳು ತೋಳೆತ್ತಿ, ಅಂಗಿಯನ್ನು ಸರಿಸಿದಳು. ಅದೇ ಜಾಗ. ಕವಚ ತೊಟ್ಟ ಮೊದಲ ದಿನಗಳಲ್ಲೇ ಚರ್ಮ ಸುಲಿದು ಕೆಂಪಗಾಗಿತ್ತು.

ತಾಯಿ ಬಗ್ಗಿ ಗಾಯವನ್ನು ನೋಡಿದಳು. ಇಷ್ಟು ದಿನ ಕವಚದ ಅರ್ಥ, ರೋಗದ ಅರ್ಥ, ಫಲಕದ ಅರ್ಥ ಎಂದು ಒದ್ದಾಡಿದ್ದಳು. ಎಲ್ಲಿ ನೋಯುತ್ತದೆ ಎಂಬ ಮಾತು ಮಾತ್ರ ಅವಳ ಬಾಯಿಂದ ಬಂದಿರಲಿಲ್ಲ.

ಕತ್ತಲಾಗುವ ಮೊದಲೇ ಇಬ್ಬರೂ ಕವಚ ಮಾಡುವವನ ಅಂಗಡಿಯಲ್ಲಿದ್ದರು. ಗೋಡೆಯುದ್ದಕ್ಕೂ ಪ್ಲಾಸ್ಟರಿನ ಮೈಗಳು, ನೆಲದ ಮೇಲೆ ಬಿಳಿ ಪುಡಿ. ಅವನು ಹುಡುಗಿಯ ಬಗಲು ನೋಡಿ ಚ್ಚುಚ್ಚು ಎಂದ. "ಈ ಅಂಚು ಮೇಲೆ ಬಂದಿದೆ. ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ," ಎಂದಳು ಅವಳು. ದೂರುವ ದನಿಯಲ್ಲ, ಇದ್ದದ್ದು ಹೇಳುವ ದನಿ. ತಾಯಿಗೆ ಅದೇ ಹೆಚ್ಚು ತಾಗಿತು.

ಅವನು ಬಿಸಿಗಾಳಿ ಹಾಯಿಸಿ ಅಂಚನ್ನು ಮೆತ್ತಗೆ ಮಾಡಿ ಹೊರಕ್ಕೆ ಬಾಗಿಸಿದ, ಉಜ್ಜಿದ, ಬೆರಳಾಡಿಸಿದ, ಮತ್ತೆ ಉಜ್ಜಿದ. "ಗಾಯ ಮಾಯೋ ತನಕ ಒಳಗೆ ಮೆತ್ತನೆ ಬನಿಯನ್ ಹಾಕ್ಕೋ. ಮತ್ತೆ ಒತ್ತಿದ್ರೆ ಅವತ್ತೇ ಬಾ, ಬೈಯಲ್ಲ," ಎಂದ. ಈ ಸಲ ಪಟ್ಟಿ ಎಳೆದದ್ದು ತಾಯಿ. "ಇಷ್ಟು ಸಾಕಾ? ಇಲ್ಲಿ? ಇಲ್ಲಿ ಒತ್ತುತ್ತಾ?" ಕೇಳಿದ್ದನ್ನೇ ಕೇಳಿದಳು.

"ಅಮ್ಮಾ, ಸಾಕು ಮಾಡು."

ವಾಪಸು ಬರುವಾಗ ಬೀದಿದೀಪಗಳು ಹತ್ತಿಕೊಂಡವು. ಮಗಳು ಬಿಗಿಯಾಗಿ, ತಲೆಯ ಮೇಲೆ ಕೊಡ ಹೊತ್ತವಳ ಹಾಗೆ ನಡೆಯುತ್ತಿದ್ದಳು. ತಾಯಿ ಬಾಯಿ ತೆರೆಯುವಳು, ಮುಚ್ಚುವಳು. ಮೂಲೆ ತಿರುಗುವಾಗ ಮಗಳು ನಿಂತಳು.

"ಹೇಳ್ಬಿಡು. ಏನೋ ಹೊಟ್ಟೇಲಿಟ್ಕೊಂಡು ಒದ್ದಾಡ್ತಿದ್ದೀಯ."

"ನೀನೇ ಬೇಡ ಅಂದಿದ್ದೆಯಲ್ಲ."

"ಇದೊಂದು."

"ಬ್ರೇಸ್ ಅಂದ್ರೆ ಹಿಂದೆ ಎರಡು ತೋಳು ಅಂತ ಅರ್ಥವಂತೆ."

ಮಗಳು ಕವಚವನ್ನು ಬೆರಳಿನಿಂದ ಟಕಟಕ ಬಡಿದು ನೋಡಿದಳು. "ತೋಳಾದ್ರೆ ಅಜ್ಜೀದೇ ಇರ್ಬೇಕು. ಅವರೇ ಹೀಗೆ ಉಸಿರು ಕಟ್ಟೋ ಹಾಗೆ ತಬ್ಬೋದು."

ತಾಯಿ ನಗಲು ಹೋಗಿ ಸೆರಗಿನಿಂದ ಮೂಗೊರೆಸಿಕೊಂಡಳು.

"ಇವತ್ತು ರಾತ್ರಿ ತೊಟ್ಕೊಂಡು ಮಲಗ್ತೀನಿ. ಶಾಲೆಗೆ ಹಾಕ್ಕೊಂಡು ಹೋಗೋದು ನಾಳೆ ನೋಡೋಣ," ಎಂದಳು ಮಗಳು.

ತಾಯಿಗೆ ಕೇಳಬೇಕಾದ್ದು ಇನ್ನೂ ಎಷ್ಟೋ ಇತ್ತು. ಒಂದನ್ನಷ್ಟೇ ಕೇಳಿದಳು: "ಎಲ್ಲೂ ಒತ್ತುತ್ತಿಲ್ಲ ತಾನೇ?"

"ಸ್ವಲ್ಪ," ಎಂದಳು ಮಗಳು. "ಎಲ್ಲಿ ಅಂತ ಮನೇಲಿ ತೋರಿಸ್ತೀನಿ, ನಡಿ."