ಇತರೆ ಧಾನ್ಯದ ಸಾಲು

ರಾಮದುರ್ಗದ ಹುಡುಗಿ ಪ್ರಜ್ಞಾ ಆಹಾರ ಸಮೀಕ್ಷೆಯ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಮನೆಮನೆಗೆ ಹೋಗಿ, ನಿನ್ನೆ ಇಲ್ಲಿ ಯಾರು ಏನು ಉಂಡರು, ಒಲೆಗೆ ಏರುವ ಮುಂಚೆ ಅದರ ತೂಕ ಎಷ್ಟಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ನಮೂನೆಯಲ್ಲಿ ಜೋಳ, ಗೋಧಿ, ಅಕ್ಕಿಗೆ ಒಂದೊಂದು ಸಾಲು. ಅವುಗಳ ಕೆಳಗೆ ‘ಇತರೆ ಧಾನ್ಯ’ ಎಂದು ಇನ್ನೊಂದು. ಹೂಲಿ ಎಂಬ ಊರಿನ ಇಪ್ಪತ್ತೆರಡು ಮನೆಗಳಲ್ಲಿ ಅವಳು ಆ ಸಾಲಿಗೆ ಸೊನ್ನೆ ಹಾಕಿದ್ದಳು.

ಸೊನ್ನೆ ಹಾಕುವಾಗೆಲ್ಲ ತರಬೇತಿಯಲ್ಲಿ ನೋಡಿದ ಗೆರೆಯೊಂದು ಕಣ್ಣಮುಂದೆ ಬರುತ್ತಿತ್ತು. ಕಿರುಧಾನ್ಯಗಳಿಂದ ದೇಶದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ಪ್ರೋಟೀನು ಸಿಗುತ್ತಿದೆ ಎಂದು ತೋರಿಸುವ ಗೆರೆ ಅದು. ಅರವತ್ತು ವರ್ಷಗಳ ಹಿಂದೆ ಮೇಲೆಲ್ಲೋ ಹೊರಟು, ಅಲ್ಲಲ್ಲಿ ತಡವರಿಸುತ್ತ, ಕೊನೆಗೆ ನೆಲ ಹಿಡಿದಂತೆ ಮಲಗಿತ್ತು. ನಮ್ಮವರ ತಟ್ಟೆಯಿಂದ ಏನೋ ಕಳೆದುಹೋಯಿತು ಎಂದು ಅವಳಿಗೆ ಸಂಕಟವಾಗುತ್ತಿತ್ತು.

ಇಪ್ಪತ್ಮೂರನೆಯದು ಲಗಮವ್ವನ ಮನೆ. ಎಪ್ಪತ್ತೈದು ದಾಟಿದ ಮುದುಕಿ. ಮಗ, ಸೊಸೆ ಮಾಲಾ, ಮೊಮ್ಮಗ ಸೇರಿ ನಾಲ್ಕು ಜನ. ಪ್ರಜ್ಞಾ ಎಂದಿನಂತೆ, ಇತರೆ ಧಾನ್ಯ ಏನಾದರೂ ಉಂಡಿರಾ ಎಂದು ಕೇಳಿದಳು.

ಲಗಮವ್ವ ನಕ್ಕಳು. “ಇತರೆ ಅನ್ನೂ ಕಾಳು ಯಾ ಹೊಲದಾಗ ಬೆಳಿತೈತಿ, ತಂಗಿ? ಹೆಸರ ಹಿಡದ ಕೇಳು.”

ಹಾಗೆಂದವಳು ತಾನೇ ಹೆಸರು ಹೇಳತೊಡಗಿದಳು. ನವಣೆ, ಸಾವೆ, ಬರಗು, ಹಾರಕ, ಕೊರಲೆ. ಯಾವುದು ಬಾಣಂತಿಗೆ, ಯಾವುದು ಜ್ವರ ಬಿಟ್ಟವರಿಗೆ, ಯಾವುದನ್ನು ಉಂಡರೆ ಕಣದಲ್ಲಿ ರಾಶಿ ಮಾಡುವ ಕೆಲಸದಲ್ಲೂ ಹೊತ್ತಿಳಿಯುವ ತನಕ ಹಸಿವಾಗದು ಎಂದು ಒಂದೊಂದಾಗಿ ವಿವರಿಸಿದಳು. ನಿನ್ನೆ ತಮ್ಮ ಮನೆಯಲ್ಲಿ ನವಣೆಯ ಅನ್ನವಾಗಿತ್ತು, ಸಿಪ್ಪೆ ಬಿಡಿಸಿದ ನವಣಕ್ಕಿ ನಾಲ್ಕು ಬೊಗಸೆ ಹಾಕಿದ್ದೆ ಎಂದಳು. ಪ್ರಜ್ಞಾ ಒಂದು ಬೊಗಸೆ ಅಳೆಸಿ ತೂಗಿದಳು. ನೂರಾ ನಲವತ್ತಾರು ಗ್ರಾಂ. ಅದನ್ನು ನಾಲ್ಕರಿಂದ ಗುಣಿಸಿ ಬರೆದಳು.

ಅವಳು ಕಳಿಸಿದ ನಮೂನೆ ನೋಡಿ ಅಂದು ಸಂಜೆಯೇ ಮೇಲ್ವಿಚಾರಕ ಬಾಳಕೃಷ್ಣ ಫೋನು ಮಾಡಿದ. ಇಡೀ ತಾಲೂಕಿನಲ್ಲಿ ಇಲ್ಲದ ಅಂಕಿ ಇದೊಂದು ಮನೆಯಲ್ಲಿ ಬಂದದ್ದು ಹೇಗೆ, ಬೊಗಸೆಯೂ ಒಂದು ಅಳತೆಯೇ ಎಂದು ಕೇಳಿದ. ಮರುದಿನ ತಾನೇ ತಕ್ಕಡಿ ಹಿಡಿದುಕೊಂಡು ಹೂಲಿಗೆ ಬಂದ.

ಲಗಮವ್ವ ಬೇಸರಿಸಿಕೊಳ್ಳಲಿಲ್ಲ. ನವಣೆಯ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬಾಗಿಲ ಕಡೆ ಮುಖ ಮಾಡಿ, ಮಾಲಾಳೊಂದಿಗೆ ಮಾತಾಡುತ್ತಲೇ ಬೊಗಸೆ ತುಂಬಿ ತುಂಬಿ ತಕ್ಕಡಿಗೆ ಸುರಿದಳು. ನೂರಾ ನಲವತ್ತಾರು. ನೂರಾ ನಲವತ್ತೈದು. ನೂರಾ ನಲವತ್ತಾರು. ಮತ್ತೆ ನೂರಾ ನಲವತ್ತಾರು. ಬಾಳಕೃಷ್ಣ ತಕ್ಕಡಿಯನ್ನು ಬೇರೆ ಕಡೆ ಸಮನಾಗಿ ಇಟ್ಟು ನೋಡಿದ. ಆರನೆಯ ಸಲವೂ ಅಷ್ಟೇ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಅಂಕಿಯನ್ನು ತಾನೇ ಬರೆದುಕೊಂಡ. ಪ್ರಜ್ಞಾ ಮುದುಕಿಯ ಕೈಯನ್ನೇ ನೋಡಿದಳು. ಹಿಡಿ ಕಾಳು ಹೆಚ್ಚಾದರೆ ನಾಳೆಗೆ ಕೊರತೆ, ಹಿಡಿ ಕಾಳು ಕಡಿಮೆಯಾದರೆ ಇಂದು ಒಬ್ಬರಿಗೆ ಅರೆಹೊಟ್ಟೆ. ಅಂಥ ದಿನಗಳಲ್ಲಿ ಪಳಗಿದ ಕೈ ಅದು.

ಸ್ವಲ್ಪ ಹೊತ್ತಿಗೆ ಅವಳು ಫೋನಿನಲ್ಲಿದ್ದ ಆ ಗೆರೆಯನ್ನು ಮುದುಕಿಗೆ ತೋರಿಸಿದಳು. ದೇಶದ ಜನರೆಲ್ಲ ಉಂಡ ಕಿರುಧಾನ್ಯದ ಲೆಕ್ಕ ಇದು, ನೋಡು ಆಯಿ ಹೆಂಗ ಇಳದೈತಿ ಎಂದಳು. ಲಗಮವ್ವ ಗೆರೆಯ ಎತ್ತರದ ತುದಿ ಯಾವ ಕಾಲದ್ದೆಂದು ವಿಚಾರಿಸಿದಳು. ತಾನು ಮದುವೆಯಾಗಿ ಈ ಮನೆಗೆ ಬಂದ ಕಾಲವೇ ಎಂದು ತಿಳಿದಾಗ ಅಲ್ಲಿ ಬೆರಳಿಟ್ಟಳು.

“ಆವಾಗ ಕೋಳಿ ಕೂಗೂದ್ರಾಗ ನಾಕ ಮಂದಿ ಹೆಣ್ಮಕ್ಕಳು ಒನಕಿ ಹಿಡಿತಿದ್ವಿ. ಹಾರಕದ ಸಿಪ್ಪಿ ಬಿಡಿಸೂದಂದ್ರ ಬಸರಿ ಇದ್ರೂ ಬಿಡಂಗಿಲ್ಲ, ಬಾಣಂತಿ ಇದ್ರೂ ಬಿಡಂಗಿಲ್ಲ. ಗೆರಿ ಇಳದದ್ದು ಖರೆ, ತಂಗಿ. ಅದರ ಜೋಡಿ ನಮ್ಮ ರಟ್ಟಿ ನೋವೂ ಇಳೀತು.”

ಮತ್ತೆ ಈಗ ಹೇಗೆ ಎಂದು ಬಾಳಕೃಷ್ಣ ಕೇಳಿದ. ಸಿಪ್ಪೆ ಬಿಡಿಸುವ ಸಣ್ಣ ಗಿರಣಿಯನ್ನು ತಮ್ಮ ಮಹಿಳಾ ಸಂಘ ಮೂರು ವರ್ಷದ ಹಿಂದೆ ತಂದಿದೆ ಎಂದು ಮಾಲಾ ತಿಳಿಸಿದಳು. “ಅತ್ತಿ ಅಂದ್ರು, ಕುಟ್ಟೂದಿಲ್ಲ ಅಂದ್ರ ಉಣ್ಣಾಕ ಏನ ಅಡ್ಡಿ ಅಂತ.”

ಪ್ರಜ್ಞಾ ಗೆರೆಯನ್ನು ಮತ್ತೊಮ್ಮೆ ನೋಡಿದಳು. ಅದು ಎತ್ತರದಲ್ಲಿದ್ದಾಗ ಅದನ್ನು ಎತ್ತಿ ಹಿಡಿದದ್ದು ಮಳೆಯೊಂದೇ ಅಲ್ಲ, ಹೊಲವೊಂದೇ ಅಲ್ಲ. ಊರೂರಿನ ಬೆಳಗುಜಾವದಲ್ಲಿ ಏರಿ ಇಳಿದ ಲೆಕ್ಕವಿಲ್ಲದಷ್ಟು ಒನಕೆಗಳು. ಇಡೀ ದೇಶದ ಬಲ ಒಂದೊಂದು ಕಾಳಾಗಿ ಹೆಂಗಸರ ತೋಳುಗಳನ್ನು ಹಾದು ಬಂದಿತ್ತು. ಅದನ್ನು ಯಾವ ನಮೂನೆಯೂ ಕೇಳಿರಲಿಲ್ಲ.

ಅಂಕಿ ತಿದ್ದುವುದು ಬೇಡ ಎಂದ ಬಾಳಕೃಷ್ಣ. ಹಿಂದಿನ ಇಪ್ಪತ್ತೆರಡು ಮನೆಗಳಿಗೆ ಮತ್ತೆ ಹೋಗಬೇಕು, ಎರಡು ದಿನ ಕೊಡಿ ಎಂದು ಪ್ರಜ್ಞಾ ಕೇಳಿಕೊಂಡಳು. ಅವನು ಒಪ್ಪಿದ.

ಮೊದಲು ಕೇಳಿದ ಅದೇ ದಿನದ ಊಟವನ್ನು ಈ ಸಲ ಅವಳು ಕಾಳುಗಳ ಹೆಸರು ಹಿಡಿದು ಕೇಳಿದಳು. ಹತ್ತೊಂಬತ್ತು ಮನೆಗಳಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಎರಡು ಮನೆಗಳಲ್ಲಿ ಸಾವೆಯ ಅನ್ನ ಸಿಕ್ಕಿತು. ಇನ್ನೊಂದರಲ್ಲಿ ಗುರವ್ವ ಎಂಬಾಕೆ, ಬಾಣಂತಿ ಮಗಳಿಗೆ ಅವತ್ತು ನವಣೆಯ ಉಂಡೆ ಕೊಟ್ಟಿದ್ದೆ ಎಂದು ನೆನಪು ಮಾಡಿಕೊಂಡು, ಅದೂ ಧಾನ್ಯದ ಲೆಕ್ಕಕ್ಕೆ ಬರತೈತೇನ್ರಿ ಎಂದು ನಾಚಿದಳು.

ಬರುತ್ತದೆ ಎಂದಳು ಪ್ರಜ್ಞಾ. ಉಂಡೆಗೆ ಹಾಕಿದ ನವಣೆ ಎಷ್ಟೆಂದು ಗುರವ್ವನ ಕೈಯಿಂದಲೇ ಅಳೆಸಿ, ತೂಗಿ, ಹದಿನೆಂಟು ಗ್ರಾಂ ಎಂದು ದುಂಡಗೆ ಬರೆದಳು.