ಅಳಿಯನ ಅಲ್ಪಮತ ಸರ್ಕಾರ

ಡೆನ್ಮಾರ್ಕ್ ಆ ಮನೆಯೊಳಗೆ ಕಾಲಿಟ್ಟದ್ದು ಮಾವನ ಕಾಲು ಉಳುಕಿದ್ದರಿಂದ. ಜೀವಮಾನವಿಡೀ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ನಿವೃತ್ತರಾದ ಮನುಷ್ಯ, ತನ್ನದೇ ಮನೆಯ ಕೊನೆಯ ಮೆಟ್ಟಿಲು ಕಾಣದೆ ಜಾರಿ, ಕಟ್ಟು ಕಟ್ಟಿಸಿಕೊಂಡು ಸೋಫಾ ಹಿಡಿದರು. ಕುಸ್ತಿ ನೋಡೋಣವೆಂದು ಟಿವಿ ಹಾಕಿದವರು ತಿಳಿಯದೆ ರಿಮೋಟಿನ ಮೇಲೇ ಕೂತುಬಿಟ್ಟರು. ಪರದೆಯ ಮೇಲೆ ಬಿಳಿ ಗೋಡೆ, ಉದ್ದನೆಯ ಮೇಜು, ಸುತ್ತ ಬೂದು ಬಟ್ಟೆ ತೊಟ್ಟ ಜನ ಕಾಣಿಸಿಕೊಂಡರು. ಎಲ್ಲರದೂ ಆಸ್ಪತ್ರೆಯಲ್ಲಿ ಮಾತಾಡುವಂಥ ಮೆಲುದನಿ. ಒಬ್ಬ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟಕ್ಕೇ ಸರ್ಕಾರ ಬಿತ್ತು.

"ಯಾರೂ ಕೂಗ್ಲಿಲ್ಲ, ಕುರ್ಚಿ ಎಸೀಲಿಲ್ಲ. ಕನ್ನಡಕ ತೆಗೆದಿಟ್ಲು, ಸರ್ಕಾರ ಬಿದ್ದೋಯ್ತು," ಎಂದು ಮಾವ ಊಟಕ್ಕೆ ಕೂತಾಗ ಹೇಳಿದರು. ಅವರು ಊಟದ ಹೊತ್ತಿನಲ್ಲಿ 'ಹೂಂ' ಬಿಟ್ಟು ಬೇರೆ ಮಾತಾಡಿದ್ದನ್ನು ಮನೆಯವರು ಕೇಳಿ ಎಷ್ಟೋ ಕಾಲವಾಗಿತ್ತು. ಮರುದಿನ ಸಂಜೆ ಎಲ್ಲರೂ ಅವರ ಜೊತೆ ಕೂತರು. ಕೂತವರು ಏಳಲಿಲ್ಲ.

ಧಾರಾವಾಹಿಯ ಹೆಸರನ್ನು ಓದಲು ಯಾರಿಗೂ ಬರಲಿಲ್ಲ. ಅದರಲ್ಲಿ ಹೊಟ್ಟೆ ಸೀಳಿದ ಸೊನ್ನೆಯಂಥ ಒಂದು ಅಕ್ಷರವಿತ್ತು. ಹಾಗಾಗಿ ಅದು 'ಡೆನ್ಮಾರ್ಕ್' ಎಂದೇ ಆಯಿತು. ಕಥೆ ಇಷ್ಟೆ: ಸೈಕಲ್ ಮೇಲೆ ಪಾರ್ಲಿಮೆಂಟಿಗೆ ಹೋಗುವ ಪ್ರಧಾನಿಯಮ್ಮ, ಅವಳ ಬೆನ್ನಿಗೆ ಚೂರಿ ಹಾಕಲು ಕಾಯುವ ಹಣಕಾಸು ಮಂತ್ರಿ, ಎರಡೂ ದೋಣಿಯಲ್ಲಿ ಕಾಲಿಟ್ಟ ಸಣ್ಣಪುಟ್ಟ ಪಕ್ಷಗಳು. ಒಂದು ವಾರ ಹಂದಿ ಸಾಕಣೆಯ ತೆರಿಗೆ, ಇನ್ನೊಂದು ವಾರ ಯಾವುದೋ ದ್ವೀಪಕ್ಕೆ ಹೋಗುವ ದೋಣಿಯ ವೇಳಾಪಟ್ಟಿ. ಅದಕ್ಕಾಗಿ ಜನ ಅಳುತ್ತಿದ್ದರು, ಗಂಡಹೆಂಡಿರು ಬೇರೆಯಾಗುತ್ತಿದ್ದರು.

ಈ ಮನೆಯ ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಮನೆಯಳಿಯ. ಮದುವೆಯಾದ ಹೊಸದರಲ್ಲಿ 'ಬೇರೆ ಮನೆ ಸಿಗೋವರೆಗೆ' ಎಂದು ಬಂದವನಿಗೆ ಬೇರೆ ಮನೆ ಸಿಗಲೇ ಇಲ್ಲ, ಹುಡುಕಲೂ ಇಲ್ಲ. ಊರಲ್ಲಿ ಯಾರ ಲಿಫ್ಟ್ ಕೆಟ್ಟರೂ ಅವನು ಬೇಕು, ಮನೆಯಲ್ಲಿ ಮಾತ್ರ ಪಲ್ಯಕ್ಕೆ ಉಪ್ಪು ಸಾಕೇ ಎಂದೂ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಮನೆಯ ಆಡಳಿತ ಅತ್ತೆಯದು. ಬೀರುವಿನ ಬೀಗದಕೈ ಅವರ ಸೊಂಟದಲ್ಲಿ, ಮನೆಯವರೆಲ್ಲ ಅವರ ಮುಷ್ಟಿಯಲ್ಲಿ. ಮಾವ ಹೂಂಗುಟ್ಟುವ ಬಸವಣ್ಣ. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ, ಮನೆಯಲ್ಲೂ ಗಂಡ ಮಾತು ಶುರು ಮಾಡಿದರೆ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಇವರೆಲ್ಲರ ಮೇಲೆ ಮಾವನ ತಾಯಿ, ಅಜ್ಜಿ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು.

ಅಜ್ಜಿಗೆ ಪರದೆಯ ಕೆಳಗಿನ ಅಕ್ಷರ ಓದಲು ಬಾರದು. ಮೊಮ್ಮಗಳು, ಅಂದರೆ ಅಳಿಯನ ಹೆಂಡತಿ, ಕಿವಿಯ ಹತ್ತಿರ ಓದಿ ಹೇಳುತ್ತಿದ್ದಳು. ಆದರೂ ಎಲ್ಲರಿಗಿಂತ ಮೊದಲು ಡ್ಯಾನಿಶ್ ಕಲಿತವರು ಅಜ್ಜಿಯೇ. ಕಾಫಿ ಕೊಟ್ಟರೆ 'ತಾಕ್' ಅನ್ನುವರು. ಅಂದರೆ ಥ್ಯಾಂಕ್ಸ್. ಮೊದಲ ಸಲ ಕೇಳಿದ ಅತ್ತೆ ಗಾಬರಿಯಾಗಿ ಎಲ್ಲಿ ತಾಕಿತು, ಏನು ತಾಕಿತು ಎಂದು ಅಜ್ಜಿಯ ಮೊಣಕಾಲು ತಡವಿ ನೋಡಿದರು.

ಹುಚ್ಚು ಈ ಮನೆಗಷ್ಟೇ ಹಿಡಿದದ್ದಲ್ಲ. ಇಡೀ ಬೀದಿ ಡೆನ್ಮಾರ್ಕ್ ಆಗಿತ್ತು. ಪ್ರಧಾನಿಯಮ್ಮನ ನೀಲಿ ಕೋಟು ಹೊಲಿದು ಹೊಲಿದು ಟೈಲರ್ ಹತ್ತಿರ ನೀಲಿ ದಾರ ಮುಗಿದುಹೋಯಿತು. ಔಷಧಿ ಅಂಗಡಿಯವನು ಹಣಕಾಸು ಮಂತ್ರಿಯ ಕಡೆಯವನೆಂದು ಗೊತ್ತಾದ ಮೇಲೆ ಕೆಲವರು ತಲೆನೋವಿನ ಮಾತ್ರೆಗೂ ಮುಂದಿನ ಬೀದಿಗೆ ನಡೆದುಹೋಗುತ್ತಿದ್ದರು. ಅಳಿಯನ ಕೆಲಸದಲ್ಲೂ ಅಷ್ಟೆ. ಅವನೂ ಅವನ ಜೊತೆಗಾರನೂ ಲಿಫ್ಟಿನ ನೆತ್ತಿಯ ಮೇಲೆ ಕೂತು ಹಂದಿ ತೆರಿಗೆಯ ಬಗ್ಗೆ ವಾದಿಸುತ್ತ ಕೆಲಸ ಮರೆತದ್ದರಿಂದ, ಕೆಳಗೆ ಒಬ್ಬ ಹಲ್ಲಿನ ಡಾಕ್ಟರು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡೇ ಇದ್ದರು. ಡಾಕ್ಟರು ಬೈಯಲಿಲ್ಲ. ಬಾಗಿಲ ಸಂದಿಯಿಂದ, ಆ ತೆರಿಗೆ ಸಣ್ಣ ರೈತರಿಗೆ ಹೊರೆ ಎಂದು ತಮ್ಮ ಅಭಿಪ್ರಾಯ ಹೇಳಿದರು.

ಇಷ್ಟರಲ್ಲಿ ಮನೆಯಲ್ಲಿ ಕಿಟಕಿಯ ಪ್ರಶ್ನೆ ಎದ್ದಿತು. ಮುಂದಿನ ಕೋಣೆಯ ದೊಡ್ಡ ಕಿಟಕಿಯನ್ನು ಅತ್ತೆ ಎಂದೂ ತೆರೆಯಲು ಬಿಡುತ್ತಿರಲಿಲ್ಲ. ಬೀದಿಯ ಧೂಳೆಲ್ಲ ಒಳಗೆ ಬರುತ್ತದೆ ಎಂಬುದು ಅವರ ವಾದ. ಒಂದು ಸಂಜೆ ಸೆಖೆ ತಡೆಯದೆ ಮಗಳು ಕಿಟಕಿ ತೆರೆಯಿರಿ ಅಂದಳು. ಅತ್ತೆ ಆಗದು ಅಂದರು. ಹಿಂದೆಲ್ಲ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಮಗಳು ಎದ್ದು ನಿಂತು, ಧ್ವನಿ ತಗ್ಗಿಸಿ, ಥೇಟ್ ಪ್ರಧಾನಿಯಮ್ಮನ ಹಾಗೆ, "ಮತಕ್ಕೆ ಹಾಕೋಣ" ಅಂದಳು.

ಅತ್ತೆ ಒಪ್ಪಿಬಿಟ್ಟರು. ಗಂಡ ತನ್ನ ಕಡೆ, ಗಂಡನ ತಾಯಿಗೆ ವಿಷಯವೇ ಅರ್ಥವಾಗದು, ಅಳಿಯ ಲೆಕ್ಕಕ್ಕಿಲ್ಲ ಎಂಬ ಧೈರ್ಯ. ಮಾವನ ಕೈ ಅತ್ತೆಯ ಕೈ ಜೊತೆಗೇ ಮೇಲೆದ್ದಿತು. ಆದರೆ ಅಜ್ಜಿ ಮೊಮ್ಮಗಳ ಪರ ಕೈ ಎತ್ತಿದರು. ಕಿಟಕಿ ತೆರೆದರೆ ಬಸ್ ಸ್ಟಾಪು ಕಾಣುತ್ತದೆ, ಯಾರು ಯಾರ ಜೊತೆ ಇಳಿದರು ನೋಡಬಹುದು ಎಂದರು. ಎರಡಕ್ಕೆ ಎರಡು. ಆಗ ಎಲ್ಲರೂ ಬಾಗಿಲ ಬಳಿ ಚಪ್ಪಲಿ ಬಿಚ್ಚುತ್ತಿದ್ದ ಅಳಿಯನತ್ತ ತಿರುಗಿದರು.

ಆ ಮನೆಯಲ್ಲಿ ನಾಲ್ಕು ಜೊತೆ ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದು ಮದುವೆಯ ದಿನ ಬಿಟ್ಟರೆ ಅವತ್ತೇ. ಅವನ ಕೈಯಲ್ಲಿ ಇನ್ನೂ ಗ್ರೀಸು. ಅತ್ತ ದರಿ, ಇತ್ತ ಪುಲಿ. ಪುಲಿಯ ಜೊತೆಗೇ ಒಂದೇ ಮಂಚದಲ್ಲಿ ಮಲಗಬೇಕು. ತನ್ನ ಪಕ್ಷದೊಳಗೆ ಚರ್ಚೆ ಮಾಡಿ ತಿಳಿಸುತ್ತೇನೆ ಎಂದುಬಿಟ್ಟ. ಪಕ್ಷದಲ್ಲಿ ಇದ್ದವನು ಅವನೊಬ್ಬನೇ. ಆದರೂ ಯಾರೂ ನಗಲಿಲ್ಲ. ಮಾವ ತಲೆದೂಗಿ, ಅದು ಸರಿಯಾದ ಕ್ರಮ ಎಂದರು.

ಮಾತುಕತೆ ಶುರುವಾಯಿತು. ಅತ್ತೆ ಅವನನ್ನು ಅಡುಗೆಮನೆಗೆ ಕರೆದು ಬಚ್ಚಲಮನೆಯಲ್ಲಿ ಅವನದೇ ಒಂದು ಗೂಡು ಬಿಟ್ಟುಕೊಡುವುದಾಗಿ ಹೇಳಿದರು. ಇಷ್ಟು ದಿನ ಅವನ ಶೇವಿಂಗ್ ಸೆಟ್ಟು ಬಕೆಟ್ಟಿನ ಹಿಂದೆ ಕೂರುತ್ತಿತ್ತು. ಕೋಣೆಯಲ್ಲಿ ಹೆಂಡತಿ ಏನನ್ನೂ ಕೊಡುವೆನೆನ್ನಲಿಲ್ಲ. ಏನೇನು ಕೊಡುವುದಿಲ್ಲ ಎಂದಷ್ಟೇ ಹೇಳಿದಳು. ಅವನು ಧಾರಾವಾಹಿಯ ಸಣ್ಣ ಪಕ್ಷದ ಬೋಳುತಲೆ ನಾಯಕನನ್ನು ನೆನೆದು, ಹಾವೂ ಸಾಯಲಿ ಕೋಲೂ ಉಳಿಯಲಿ ಎಂದು, ಕಿಟಕಿ ಅರ್ಧ ತೆರೆಯುವುದೆಂದು ಪ್ರಕಟಿಸಿದ.

ಅರ್ಧ ತೆರೆದದ್ದು ಪೂರ್ತಿ ಮುಚ್ಚಿದ್ದಕ್ಕೆ ಸಮ ಎಂದಳು ಹೆಂಡತಿ. ಪೂರ್ತಿ ತೆರೆದದ್ದಕ್ಕೇ ಸಮ ಎಂದರು ಅತ್ತೆ. ಅಳಿಯ ಅಲ್ಲ, ಮಗಳ ಗಂಡ ಅಂದಹಾಗೆ ಎಂದು ಮಾವ ಸಂದರ್ಭಕ್ಕೆ ತಕ್ಕ ಗಾದೆ ಹೇಳಲು ಹೋಗಿ, ಅಳಿಯನ ಮುಖ ನೋಡಿ ಸುಮ್ಮನಾದರು. ಅತ್ತೆ ಸೊಂಟದಿಂದ ಬೀಗದಕೈ ಗೊಂಚಲು ತೆಗೆದು, ಕನ್ನಡಕ ತೆಗೆದಿಟ್ಟಷ್ಟೇ ಮೆಲ್ಲಗೆ, ಅಳಿಯನ ಮುಂದೆ ಇಟ್ಟರು.

"ನಂಗೆ ಬಹುಮತ ಇಲ್ಲ. ನೀವೇ ನಡೆಸಿ," ಎಂದರು.

ಹೀಗೆ ಒಂದೇ ಮತದ ಪಕ್ಷದ ಸರ್ಕಾರ ಬಂತು. ಆ ಸಂಜೆ ಅಳಿಯ ಕನ್ನಡಿಯ ಮುಂದೆ ನಿಂತು ಬೀಗದಕೈ ಗೊಂಚಲನ್ನು ಪ್ಯಾಂಟಿನ ಎಡಕ್ಕೆ ಸಿಕ್ಕಿಸಿಕೊಂಡು ನೋಡಿದ, ಬಲಕ್ಕೆ ಸಿಕ್ಕಿಸಿಕೊಂಡು ನೋಡಿದ. ಎದೆ ಉಬ್ಬಿತ್ತು ಎನ್ನುವುದು ಸುಳ್ಳಲ್ಲ.

ಬೆಳಗಾಗುತ್ತಲೇ ಗೊಂಚಲಿನ ಭಾರ ಗೊತ್ತಾಯಿತು. ಹಾಲು ಎಷ್ಟು ತರಬೇಕು? ಯಾವ ಬೆಡ್‌ಶೀಟ್ ಒಗೆಯಬೇಕು? ಸೋರುವ ನಲ್ಲಿಗೆ ಪ್ಲಂಬರನ್ನು ಕರೆಯುವುದೋ, ಬಟ್ಟೆ ಸುತ್ತುವುದೋ? ಮಾವನ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ? ಪ್ರತಿಯೊಂದಕ್ಕೂ ಸರ್ಕಾರದ ತೀರ್ಮಾನ ಬೇಕಿತ್ತು. ಮಾವ ಈಗ ಯಾರ ಮಾತಿಗೆ ಹೂಂಗುಟ್ಟಬೇಕೆಂದು ತಿಳಿಯದೆ, ಎಲ್ಲದಕ್ಕೂ 'ನಾನು ತಟಸ್ಥ' ಎನ್ನತೊಡಗಿದರು. ಟೀಯೋ ಕಾಫಿಯೋ ಎಂದರೂ ತಟಸ್ಥ. ಕೊನೆಗೆ ಎರಡೂ ಸಿಗದೆ ತಣ್ಣೀರು ಕುಡಿದರು. ಹೆಂಡತಿ ಬೆಂಬಲ ಕೊಡುವ ಪಕ್ಷವಾಗಿ ದಿನಕ್ಕೊಂದು ಬೇಡಿಕೆ ಇಟ್ಟು, ಇಲ್ಲದಿದ್ದರೆ ಹೊರಗೆ ಹೋಗುತ್ತೇನೆ ಎನ್ನುತ್ತಿದ್ದಳು. ಹೊರಗೆ ಅಂದರೆ ಎಲ್ಲಿಗೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಗೇಟು ದಾಟಿದರೆ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ ಕಾಂಪೌಂಡಿನ ಮೇಲಿಂದ ಬಗ್ಗಿ, ನಲ್ಲಿಯ ವಿಷಯದಲ್ಲಿ ಸರ್ಕಾರದ ನಿಲುವೇನು ಎಂದು ಕೇಳುತ್ತಿದ್ದರು. ಡೆನ್ಮಾರ್ಕ್‌ನಲ್ಲಿ ಪತ್ರಕರ್ತರಿಲ್ಲದೆ ಸರ್ಕಾರವಿಲ್ಲವಂತೆ, ಆ ಜವಾಬ್ದಾರಿ ತಾನು ಹೊತ್ತಿದ್ದೇನೆಂದರು. ಅವನು 'ಸೂಕ್ತ ಸಮಯದಲ್ಲಿ ತಿಳಿಸಲಾಗುವುದು' ಎಂದು ಹೇಳಿ ಬಸ್ಸಿನತ್ತ ಓಡುತ್ತಿದ್ದ.

ಚೆನ್ನಾಗಿದ್ದವರು ಅತ್ತೆ ಒಬ್ಬರೇ. ವಿರೋಧ ಪಕ್ಷ ಅವರಿಗೆ ಹೇಳಿ ಹೊಲಿಸಿದ ಹಾಗಿತ್ತು. ಸೋಫಾದ ಮೇಲೆ ಕಾಲು ನೀಡಿ ಕೂತು, ಅಳಿಯ ಮಾಡಿದ ಸಾರು ನೀರಾಗಿದೆ ಎಂದು ಸದನದ ಗಮನ ಸೆಳೆಯುವರು. ಸೆಳೆದು ಎರಡು ಸಲ ಬಡಿಸಿಕೊಳ್ಳುವರು. ಬಿಸಿಯಿದ್ದಾಗಲೇ ಉಂಡು, ಮಧ್ಯಾಹ್ನ ಮಲಗಿ, ಅವರ ಕೆನ್ನೆಗೆ ಬಣ್ಣ ಬಂದಿತ್ತು. ಸಾಯಂಕಾಲ ಅಜ್ಜಿಯ ಜೊತೆ ಅರ್ಧ ಕಿಟಕಿಯ ಮುಂದೆ ಕೂತು, ಧೂಳು ಬರುತ್ತಿದೆ ಎಂದು ಆಕ್ಷೇಪಿಸುತ್ತಲೇ ಬಸ್ಸಿನಿಂದ ಇಳಿದವರನ್ನೆಲ್ಲ ನೋಡುವರು.

ಸೀಸನ್ನಿನ ಕೊನೆಯ ಸಂಚಿಕೆಯ ಸಂಜೆ ಬಂತು. ಪ್ರಧಾನಿಯಮ್ಮ ಉಳಿಯುವಳೋ ಬೀಳುವಳೋ ಎಂದು ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದಿತ್ತು. ಹೆಡ್‌ಮೇಡಂ ತಮ್ಮ ಟಿವಿ ಕೆಟ್ಟಿದೆ ಎಂದು ಕುರ್ಚಿ ಸಮೇತ ಬಂದು ಕೂತಿದ್ದರು. ಮತ ಎಣಿಕೆ ಶುರುವಾಗುವಷ್ಟರಲ್ಲಿ ಅರ್ಧ ತೆರೆದ ಕಿಟಕಿಯಿಂದ ಒಂದು ಪಾರಿವಾಳ ಒಳಗೆ ಬಂದು ನೆಟ್ಟಗೆ ಟಿವಿಯ ಮೇಲೆ ಕೂತಿತು. ಮಾವ ಉಳುಕಿದ ಕಾಲು ಮರೆತು ಎದ್ದರು, ಹೆಂಡತಿ ಟವೆಲ್ ಬೀಸಿದಳು. ಪಾರಿವಾಳ ಹಾರುವಾಗ ವೈರನ್ನೂ ಎಳೆದುಕೊಂಡಿತು, ಪರದೆ ಕಪ್ಪಾಯಿತು. ಅಳಿಯ ವೈರು ಸಿಕ್ಕಿಸಿ ಸರಿಮಾಡುವಷ್ಟರಲ್ಲಿ ಹೆಸರುಗಳು ಓಡುತ್ತಿದ್ದವು. ಆಚೆ ಮನೆಗಳಿಂದ ಅಳುವೂ ಚಪ್ಪಾಳೆಯೂ ಒಟ್ಟಿಗೆ ಕೇಳಿಸಿ, ಏನಾಯಿತೆಂದು ತಿಳಿಯಲೇ ಇಲ್ಲ.

ಅತ್ತೆ ಎದ್ದು ನಿಂತರು. ಅರ್ಧ ಕಿಟಕಿಯ ನೀತಿ ದೇಶವನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನೋಡಿ ಎಂದರು. ದೇಶ ಅನ್ನುವಾಗ ಅವರ ಕೈ ಸೋಫಾ, ಟೀಪಾಯಿ, ಪಾರಿವಾಳದ ಹಿಕ್ಕೆ ಎಲ್ಲವನ್ನೂ ತೋರಿಸಿತು. ಅವಿಶ್ವಾಸ ನಿರ್ಣಯ ಮಂಡಿಸಿದರು.

ಅಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನು ಹಾಲಿನ ಲೆಕ್ಕವಿಲ್ಲ, ಬೆಡ್‌ಶೀಟಿಲ್ಲ. ನಾಳೆಯಿಂದ ಬಡಿಸಿದ್ದನ್ನು ಉಂಡು ಸುಮ್ಮನಿರಬಹುದು. ಸರ್ಕಾರ ಬೀಳಬೇಕೆನ್ನುವವರು ಕೈ ಎತ್ತಿ ಎಂದು ಹೆಡ್‌ಮೇಡಂ ಹೇಳಿದ ತಕ್ಷಣ ಅವನೇ ಮೊದಲು ಕೈ ಎತ್ತಿದ.

ಮತ್ತೆ ಯಾರೂ ಎತ್ತಲಿಲ್ಲ. ಹೆಂಡತಿಗೆ ಇಷ್ಟು ಬಗ್ಗುವ ಸರ್ಕಾರ ಮತ್ತೆ ಸಿಗದು. ಮಾವ ತಟಸ್ಥ. ಅಜ್ಜಿ 'ನೈ' ಅಂದರು, ಅಂದರೆ ಇಲ್ಲ. ನಿರ್ಣಯ ಮಂಡಿಸಿದ ಅತ್ತೆಯ ಕೈಗಳೆರಡೂ ಮಡಿಲಲ್ಲೇ ಇದ್ದವು.

"ನೀವೇ ಮಂಡಿಸಿದ್ದಲ್ವ, ಅತ್ತೆ?" ಎಂದ ಅವನು.

"ವಿಷಯ ಚರ್ಚೆ ಆಗ್ಬೇಕಿತ್ತು, ಆಯ್ತು," ಎಂದರು ಅತ್ತೆ. "ಬೀಳ್ಸೋದು ನಮ್ಮ ಉದ್ದೇಶ ಅಲ್ಲ."

ಸರ್ಕಾರ ಉಳಿಯಿತು ಎಂದು ಹೆಡ್‌ಮೇಡಂ ಘೋಷಿಸಿ, ಕುರ್ಚಿ ಎತ್ತಿಕೊಂಡು, ಸುದ್ದಿ ಹೇಳಲು ಹೊರಟರು. ಆಮೇಲೆ ಅಳಿಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಅತ್ತೆ ಬಂದು ಬಾಗಿಲಿಗೆ ಒರಗಿದರು. ಅವನು ಉಜ್ಜುವುದನ್ನು ನೋಡಿ, ತಳ ಸರಿಯಾಗಿ ಉಜ್ಜಿಲ್ಲ ಎಂದರು. ಅನಂತರ, ವಿರೋಧ ಪಕ್ಷದ್ದಲ್ಲದ ಬೇರೆಯೇ ಧ್ವನಿಯಲ್ಲಿ ಮಾತಾಡಿದರು.

"ಈ ಮನೆಗೆ ಬಂದಾಗ ನಂಗೆ ಹತ್ತೊಂಬತ್ತು. ಬಂದ ವಾರವೇ ಬೀಗದಕೈ ಕೊಟ್ರು. ಬೇಕಾ ಅಂತ ಯಾರೂ ಕೇಳ್ಲಿಲ್ಲ. ಕೂತು ಬಿಸಿ ಊಟ ಮಾಡಿದ್ದು ಈ ತಿಂಗಳೇ. ಇನ್ನೊಂದು ಸೀಸನ್ ನಡ್ಸಿ, ನೋಡೋಣ."

ಇಷ್ಟು ವರ್ಷ ಅಳಿಯ, ಅತ್ತೆ ಗದ್ದುಗೆ ಏರಿ ಕೂತಿದ್ದಾರೆ ಎಂದುಕೊಂಡಿದ್ದ. ಅವರು ಕೂತೇ ಇರಲಿಲ್ಲವೆಂದು ಈಗ ತಿಳಿಯಿತು. ತಟ್ಟೆಯನ್ನು ತಿರುಗಿಸಿ ತಳವನ್ನು ಇನ್ನೊಮ್ಮೆ ಉಜ್ಜಿದ.

ಆ ವಾರದ ರಜೆಯ ದಿನ ಅವನು ಕಿಟಕಿಗೆ ಜಾಲರಿ ಹಾಕಿಸಿ, ಪರದೆ ಬಟ್ಟೆ ತರಲು ಅಂಗಡಿಗೆ ಹೋದ. ಅಂಗಡಿಯವನು ಬಣ್ಣಬಣ್ಣದ ಥಾನುಗಳನ್ನು ಬಿಡಿಸಿ ಹಾಕಿ, ಮನೆಯವರನ್ನು ಕೇಳಿಕೊಂಡು ಬನ್ನಿ, ಬದಲಾಯಿಸಿ ಕೊಡುವುದಿಲ್ಲ ಎಂದು ಎಚ್ಚರಿಸಿದ. ಅಳಿಯ ಬಹಳ ಹೊತ್ತು ನೋಡಿ, ಯಾರನ್ನೂ ಕೇಳದೆ, ಗಾಢ ಹಳದಿಯದಕ್ಕೆ ಕೈ ತೋರಿಸಿದ.

ಕಣ್ಣಿಗೆ ಹೊಡೆಯುತ್ತದೆ ಎಂದಳು ಹೆಂಡತಿ. ವಿರೋಧ ಪಕ್ಷ ಇದನ್ನು ಬಲವಾಗಿ ಖಂಡಿಸುತ್ತದೆ ಎಂದರು ಅತ್ತೆ, ಮಗ್ಗುಲು ಬದಲಿಸುತ್ತ. ಮಾವ ತಟಸ್ಥರಾಗಿದ್ದರೂ ಏಣಿ ಹಿಡಿದುಕೊಂಡರು. ಅಳಿಯ ಮೇಲೆ ಹತ್ತಿ ಪರದೆಯ ಉಂಗುರಗಳನ್ನು ಒಂದೊಂದಾಗಿ ಸರಳಿಗೆ ಪೋಣಿಸಿ, ಎಳೆದು ನೋಡಿದ. ಇಡೀ ಕೋಣೆ ಹಳದಿಯಾಯಿತು, ಬಸ್ಸಿನಿಂದ ಯಾರು ಇಳಿಯುವರೆಂದು ಕಾಯುತ್ತ ಕೂತಿದ್ದ ಅಜ್ಜಿಯ ಮುಖವೂ.