ಹೋಲಿಕೆ ಬಿಟ್ಟ ಚಿತ್ತಯ್ಯ

ತಾಳ್ಯದ ಚಿತ್ತಯ್ಯನಿಗೆ ಯಾವ ಮಾತನ್ನೂ ಬೋಳಾಗಿ ಆಡಿ ಗೊತ್ತಿರಲಿಲ್ಲ. ಬಿಸಿಲಾದರೂ ಸರಿ, ಬೀಗರಾದರೂ ಸರಿ, ಯಾವುದರ ಹಾಗೆ ಎಂದು ಹೇಳಿದ ಮೇಲೇ ಅವನಿಗೆ ಸಮಾಧಾನ. ಹೋಲಿಸುವುದಕ್ಕೆ ಅವನಿಗೆ ಸಿಗುತ್ತಿದ್ದದ್ದೂ ಒಂದೇ, ಕುರಿ. ಹುಟ್ಟಿದಾಗಿನಿಂದ ಹೆಚ್ಚಾಗಿ ನೋಡಿದ್ದು ಅದನ್ನೇ.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಮಗಳು ಚಂದ್ರಕ್ಕನನ್ನು ನೋಡಲು ಮತ್ತೋಡಿನಿಂದ ಗಂಡಿನ ಕಡೆಯವರು ಬಂದರು. ಹೆಂಡತಿ ಜಯಕ್ಕ ಮಂಡಕ್ಕಿಗೆ ಒಗ್ಗರಣೆ ಹಾಕಿ, ಬುಟ್ಟಿ ತುಂಬ ಮೆಣಸಿನಕಾಯಿ ಬಜ್ಜಿ ಕರಿದಿದ್ದಳು. ಗಂಡಿನ ತಂದೆ ಜಂಬಣ್ಣ, "ಹುಡುಗಿ ಗುಣ ಹೆಂಗಪ್ಪ?" ಎಂದು ಕೇಳಿದ. ಚಿತ್ತಯ್ಯ ಹಿಗ್ಗಿ ಹೀರೇಕಾಯಿಯಾದ.

"ನಮ್ ಕರೇಕುರಿ ಇದ್ದಂಗೆ ಕಣಣ್ಣ. ಎಷ್ಟು ದೂರ ಹೊಡ್ಕಂಡು ಹೋಗಿ ಬಿಟ್ಟು ಬಂದ್ರೂ ಸಂಜಿಗೆ ನಮ್ಮನೆ ಬಾಗ್ಲಾಗೇ ನಿಂತಿರ್ತೈತೆ!"

ಮಗಳ ಮನೆಪ್ರೀತಿಯನ್ನು ಹೊಗಳಿದೆನೆಂದು ಅವನ ಎಣಿಕೆ. ಜಂಬಣ್ಣನ ಕಣ್ಣಿಗೆ ಮಾತ್ರ ದಿನಾ ಸಂಜೆ ತವರಿಗೆ ಓಡುವ ಸೊಸೆ ಕಂಡಳು. ಬಜ್ಜಿ ಮುಟ್ಟದೆ ಎಲ್ಲರೂ ಎದ್ದುಹೋದರು. ಚಂದ್ರಕ್ಕನಿಗೇನೂ ಬೇಜಾರಾಗಲಿಲ್ಲ; ಗಂಡು ಅವಳಿಗೆ ಹಿಡಿಸಿರಲಿಲ್ಲ. ಜಯಕ್ಕ ಮಾತ್ರ ಜಾಲರಿ ಸೌಟು ಹಿಡಿದುಕೊಂಡೇ ಬಂದಳು.

"ಮನೆದ್ಯಾವ್ರು ಜುಂಜಪ್ಪನ ಆಣೆ ಐತೆ. ಇನ್ಮ್ಯಾಲೆ ನಿಮ್ ಬಾಯಾಗೆ 'ಹಂಗೆ' ಅನ್ನೋ ಮಾತು ಬರಬಾರ್ದು."

ಚಿತ್ತಯ್ಯ ಒಪ್ಪಿಕೊಂಡ. ಆ ದುಃಖಕ್ಕೆ ಬುಟ್ಟಿಯ ಬಜ್ಜಿಯನ್ನೆಲ್ಲ ತಾನೊಬ್ಬನೇ ತಿಂದ.

ಬೆಳಗಾಗುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡಿತು. ಜಯಕ್ಕ ಬಸ್ಸು ಹತ್ತಿಸಿ ಹೊಳಲ್ಕೆರೆಗೆ ಕರೆದೊಯ್ದಳು. ಡಾಕ್ಟರು ಮೈಸೂರು ಕಡೆಯವರು, ಊರಿಗೆ ಹೊಸಬರು.

"ನೋವು ಹೇಗಿದೆ?"

"ಐತ್ರಿ."

"ಇದೆ, ಸರಿ. ಯಾವ ಥರ ಇದೆ?"

"ನೋಯ್ತೈತ್ರಿ."

ಮಾತು ಚಿತ್ತಯ್ಯನ ನಾಲಿಗೆಯ ತುದಿಗೆ ಬಂದು ನಿಂತಿದೆ, ಆಣೆ ಅಡ್ಡ ಬರುತ್ತಿದೆ.

"ಸೂಜಿ ಚುಚ್ಚಿದ ಹಾಗಾ? ಬೆಂಕಿ ಇಟ್ಟ ಹಾಗಾ?" ಎಂದರು ಡಾಕ್ಟರು. ಓದಿದವರು ಎಷ್ಟು ಧಾರಾಳವಾಗಿ ಹೋಲಿಸುತ್ತಾರಲ್ಲ ಎಂದು ಚಿತ್ತಯ್ಯನಿಗೆ ಹೊಟ್ಟೆಕಿಚ್ಚಾಯಿತು.

"ಅವೆರಡೂ ಅಲ್ರಿ."

"ಮತ್ತೆ?"

"ಬ್ಯಾರೆ ಐತ್ರಿ."

"ಹೀಗಂದರೆ ನಾನೇನು ಮಾಡಲಿ? ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಹೊಟ್ಟೆ ಕೊಯ್ದು ನೋಡಲಿ."

ಕೊಯ್ಯುವ ಮಾತು ಬಂದದ್ದೇ ಜಯಕ್ಕ ಮುಂದೆ ನುಗ್ಗಿದಳು.

"ಅಯ್ಯೋ ಬ್ಯಾಡ್ರಿ ಸ್ವಾಮಿ! ಸಂಜಿಗೆ ಕುರಿ ಎಲ್ಲಾ ಒಂದೇ ಸಲ ದೊಡ್ಡಿಗೆ ನುಗ್ಗಿ ಬಾಗ್ಲಾಗೆ ಸಿಕ್ಕಾಕ್ಕಂಡ್ರೆ ಹೆಂಗಾಗ್ತೈತೆ? ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ. ಹಂಗಾಗೈತೆ ಇವ್ರಿಗೆ!"

ಡಾಕ್ಟರು ನಕ್ಕುಬಿಟ್ಟರು. "ಅಜೀರ್ಣ ಅನ್ನಿ. ಏನು ತಿಂದಿದ್ದರು?"

ಜಯಕ್ಕ ಬುಟ್ಟಿಯ ಅಳತೆಯನ್ನು ಎರಡೂ ಕೈಯಲ್ಲಿ ತೋರಿಸಿದಳು. ಚಿತ್ತಯ್ಯನಿಗೆ ಇನ್ನು ತಡೆಯಲಾಗಲಿಲ್ಲ.

"ಎಲ್ಲಾ ಸರಿ ಕಣೆ. ಆದ್ರೆ ಬಾಗ್ಲಾಗೆ ಒಂದು ಟಗರು ಅಡ್ಡ ನಿಂತೈತಲ್ಲ, ಅದನ್ನ ಬಿಟ್ಟೆ ನೀನು!"

ಜಯಕ್ಕ ಬೈಯಲು ಬಾಯಿ ತೆರೆದಳು. ಆದರೆ ಎಷ್ಟು ಹುಡುಕಿದರೂ ಅವನ ಮಾತಿನಲ್ಲಿ 'ಹಂಗೆ' ಇರಲಿಲ್ಲ.

ಡಾಕ್ಟರು ಸೀಸೆಯಲ್ಲಿ ಕೆಂಪು ಔಷಧಿ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಚಿತ್ತಯ್ಯ ತೇಗಿದ ರಭಸಕ್ಕೆ ಮುಂದಿನ ಸೀಟಿನ ಮುದುಕಿ ಬೆಚ್ಚಿ, ತನ್ನ ಕೋಳಿಬುಟ್ಟಿಯನ್ನು ಎದೆಗವಚಿಕೊಂಡಳು. ಜಯಕ್ಕ ಸೆರಗು ಬಾಯಿಗಿಟ್ಟುಕೊಂಡು ತಾಳ್ಯ ಬರುವವರೆಗೂ ನಕ್ಕಳು.